ಅಂದಾಜಿನ ಕೆಳಗಿನ ಸಹಿ

ಫೆಬ್ರುವರಿ ೪

ಅತ್ತೆಯವರಿಗೆ,

ನೀವು ನಿಮ್ಮ ಅಕ್ಕನ ಮನೆಗೆ ಹೊರಟ ಮೇಲೆ ಇಲ್ಲಿ ಸದ್ದೇ ಇಲ್ಲ. ನಿಮ್ಮ ಮಗ ಬಸ್ಸು ಓಡಿಸಿ ದಣಿದು ಬಂದು ಬಾಗಿಲಲ್ಲೇ ನಿಲ್ಲುತ್ತಾರೆ. ಬಯ್ಯುವವರಿಲ್ಲದೆ ಅವರಿಗೆ ಶೂ ಎಲ್ಲಿ ಬಿಡಬೇಕೆಂದೇ ತಿಳಿಯುತ್ತಿಲ್ಲ. ಪುಟ್ಟಿ ದಿನಾ, "ಅಜ್ಜಿ ಯಾವಾಗ ಬರ್ತಾರೆ?" ಎಂದು ಕೇಳುತ್ತಾಳೆ. ದೊಡ್ಡತ್ತೆಯವರ ಕಾಲಿನ ಮೂಳೆ ಕೂಡಿಕೊಳ್ಳಲಿ, ಆಮೇಲೆ ಎಂದಿದ್ದೇನೆ. ಜೀವಮಾನವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಅವರು ಮನೆಯಲ್ಲಿ ಮಾತ್ರ ಫೋನು ಬೇಡವೆಂದು ಕಿತ್ತು ಹಾಕಿಸಿದ್ದಾರೆ. ಇದ್ದಿದ್ದರೂ ಫೋನಿನಲ್ಲಿ ನಿಮಗೆ ಅರ್ಧ ಕೇಳುವುದಿಲ್ಲ, ಇನ್ನರ್ಧ ಬೇರೆಯೇ ಕೇಳುತ್ತದೆ. ಅದಕ್ಕೇ ಈ ಕಾಗದ.

ಒಂದು ವಿಷಯ. ನೀವು ಇಲ್ಲಿರುವಾಗಲೇ ಹೇಳಬೇಕೆಂದುಕೊಂಡಿದ್ದೆ, ಯಾಕೋ ಆಗಲಿಲ್ಲ. ನಮ್ಮ ಆಫೀಸಿನ ಸ್ಕೇಲ್ ತಾತ ನಿಮಗೆ ನೆನಪಿರಬಹುದು. ಜೇಬಿನಲ್ಲಿ ಪೆನ್ನಿನ ಬದಲು ಅಳತೆಪಟ್ಟಿ ಸಿಕ್ಕಿಸಿಕೊಂಡು ಒಮ್ಮೆ ಮನೆಗೆ ಬಂದಿದ್ದರಲ್ಲ, ಅವರೇ. ವರ್ಷದ ಕೊನೆಗೆ ಅವರು ನಿವೃತ್ತರಾಗುತ್ತಾರೆ. ದೊಡ್ಡ ಕಟ್ಟಡಗಳ ಟೆಂಡರಿಗೆ ಈಗೀಗ ಪ್ರಮಾಣಪತ್ರ ಪಡೆದ ಎಸ್ಟಿಮೇಟರ್ ಸಹಿ ಇಲ್ಲದಿದ್ದರೆ ಲಕೋಟೆಯನ್ನೇ ಒಡೆಯುವುದಿಲ್ಲ. ನಮ್ಮಲ್ಲಿ ಆ ಪ್ರಮಾಣಪತ್ರ ಇರುವುದು ತಾತನೊಬ್ಬರಿಗೇ. ಕಟ್ಟಡದ ಖರ್ಚಿನ ಅಂದಾಜು ಪಟ್ಟಿ ಮಾಡುವುದು ಬಹಳ ವರ್ಷಗಳಿಂದ ನಾನೇ ಆದರೂ ಕೆಳಗಿನ ಸಹಿ ಅವರದು. ಅವರು ಹೋದ ಮೇಲೆ ಹೊರಗಿನವರನ್ನು ತರಬೇಕು, ಇಲ್ಲವೆ ಕಾಂಪೌಂಡು ಗೋಡೆ ಕಟ್ಟಿಕೊಂಡು ಕೂರಬೇಕು ಎಂದು ನಮ್ಮ ಕಂಪನಿಯ ಯಜಮಾನರು ಹೇಳುತ್ತಿದ್ದರು. ಆ ಪರೀಕ್ಷೆಗೆ ನಾನೇ ಕೂತರೆ ಹೇಗೆ ಎನ್ನಿಸಿತು. ಎನ್ನಿಸಿತು ಅಂದರೆ, ಅರ್ಜಿ ಹಾಕಿಬಿಟ್ಟಿದ್ದೇನೆ. ತಪ್ಪಾಯಿತೇನೋ.

ಓದಲು ಜಾಗ ಬೇಕಾಗಬಹುದು. ನಿಮ್ಮ ಹೊಲಿಗೆ ಯಂತ್ರವನ್ನು ಸ್ವಲ್ಪ ಗೋಡೆಯ ಕಡೆ ಸರಿಸಿದರೆ ಕಿಟಕಿಯ ಬಳಿ ಒಂದು ಮೇಜು ಹಿಡಿಸುತ್ತದೇನೋ. ನಿಮಗೆ ಬೇಡವೆನ್ನಿಸಿದರೆ ಖಂಡಿತ ಬೇಡ.

ನಿಮ್ಮ ಸೊಸೆ


ಫೆಬ್ರುವರಿ ೧೩

ಸೊಸೆಗೆ,

ಕಾಗದ ತಲುಪಿತು. ಯಂತ್ರ ಮುಟ್ಟಬೇಡ.

ಅಕ್ಕನ ಕಾಲು ಸ್ಟೂಲಿನ ಮೇಲಿದೆ, ಬಾಯಿ ಮಾತ್ರ ಮನೆಯಿಡೀ ಓಡಾಡುತ್ತಿದೆ. ಬಿದ್ದದ್ದು ಬಚ್ಚಲಲ್ಲಿ, ದೂರುವುದು ನನ್ನನ್ನು. ಹಾಲು ಕಾಯಿಸಿದರೆ ಬಿಸಿ ಹೆಚ್ಚು, ಆರಿಸಿದರೆ ತಣ್ಣಗೆ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ಒಟ್ಟಿನಲ್ಲಿ ಆರೋಗ್ಯ ಸುಧಾರಿಸುತ್ತಿದೆ.

ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಈಗ ಪರೀಕ್ಷೆ ಯಾಕೆ? ಅರ್ಧ ಊರಿಗೆ ನಾನು ಕೋಟು ಹೊಲಿದೆ, ಒಬ್ಬರಾದರೂ ಬಾಗಿಲಲ್ಲಿ ನಿಂತು ಸರ್ಟಿಫಿಕೇಟು ತೋರಿಸಮ್ಮ ಎನ್ನಲಿಲ್ಲ. ಮಗು ಇದೆ, ಮನೆ ಇದೆ, ಕೆಲಸವೂ ಇದೆ. ಇನ್ನೂ ಏನು ಬೇಕು? ಅಡುಗೆ ಯಾರು ಮಾಡುತ್ತಿದ್ದಾರೆ? ಅದನ್ನು ನೀನು ಬರೆಯಲೇ ಇಲ್ಲ.

ಪುಟ್ಟಿಗೆ ಹೇಳು, ಅಜ್ಜಿ ಬರುತ್ತಾಳೆ, ಬರಬೇಕಾದಾಗ.

ನಿನ್ನ ಅತ್ತೆ


ಮಾರ್ಚ್ ೧

ಅತ್ತೆಯವರಿಗೆ,

ಯಂತ್ರ ಮುಟ್ಟಿಲ್ಲ. ಊಟದ ಮೇಜಿನ ಮೇಲೇ ಬೆಳಿಗ್ಗೆ ಬೇಗ ಎದ್ದು ಓದುತ್ತಿದ್ದೇನೆ. ಅಡುಗೆ ನಿಮ್ಮ ಮಗನದು. ಉಪ್ಪು ಹಾಕುವಾಗ ಬ್ರೇಕು ಹಾಕುವುದನ್ನು ಇನ್ನೂ ಕಲಿಯಬೇಕು. ತಿನ್ನುವಂತಿರುತ್ತದೆ.

ಇನ್ನೂ ಏನು ಬೇಕು ಎಂದು ಕೇಳಿದಿರಿ. ಅದಕ್ಕೆ ಉತ್ತರ ಯೋಚಿಸುತ್ತಲೇ ಇಷ್ಟು ದಿನವಾಯಿತು.

ಹೋದ ವರ್ಷ ಶಾಲೆಯ ಕಟ್ಟಡವೊಂದರ ಮಾತುಕತೆಗೆ ಅದರ ಮಂಡಳಿಯವರು ಆಫೀಸಿಗೆ ಬಂದಿದ್ದರು. ಪಟ್ಟಿಯನ್ನು ಹಾಳೆ ಹಾಳೆ ತಿರುವಿ ನೋಡಿ, "ಬಹಳ ಅಚ್ಚುಕಟ್ಟಾಗಿದೆ, ಯಾರು ಮಾಡಿದ್ದು?" ಎಂದು ಒಬ್ಬರು ಕೇಳಿದರು. ಯಜಮಾನರು ತಾತನ ಕಡೆ ಕೈ ತೋರಿಸಿದರು. ಅವರೇನೂ ಸುಳ್ಳು ಹೇಳಲಿಲ್ಲ, ಸಹಿ ತಾತನದೇ ಅಲ್ಲವೇ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ತಾತ ನನ್ನ ಕಡೆ ನೋಡಿದರು. ನಾನು ನಕ್ಷೆಯ ಕಡೆ ನೋಡಿದೆ.

ಅಷ್ಟೇ. ದೊಡ್ಡ ಸಂಗತಿಯೇನಲ್ಲ.

ಇನ್ನೊಂದು ಮಾತು. ನನಗೆಲ್ಲ ಗೊತ್ತು, ಪ್ರಮಾಣಪತ್ರವೊಂದು ಕೈಗೆ ಬಂದರೆ ಸಾಕು ಎಂದುಕೊಂಡೇ ಪುಸ್ತಕ ತೆರೆದೆ. ಮೊದಲ ವಾರವೇ ಜಂಬ ಇಳಿಯಿತು. ಇಟ್ಟಿಗೆ, ಸಿಮೆಂಟು, ಕಬ್ಬಿಣ ಎಣಿಸುವುದು ನನಗೆ ಬರುತ್ತದೆ. ಆದರೆ ಕರಾರು ಮುರಿದರೆ ಯಾರು ಹೊಣೆ, ಕೆಲಸ ತಡವಾದರೆ ಯಾವುದರ ಬೆಲೆ ಎಷ್ಟು ಏರುತ್ತದೆ, ಬೆಲೆ ತಗ್ಗಿಸಿ ಎಂದು ಒತ್ತಾಯ ಬಂದರೆ ಎಸ್ಟಿಮೇಟರ್ ಹೇಗೆ ನಡೆದುಕೊಳ್ಳಬೇಕು, ಇದನ್ನೆಲ್ಲ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾತನಿಗೆ ಗೊತ್ತಿತ್ತು, ಅವರು ನೋಡಿಕೊಳ್ಳುತ್ತಿದ್ದರು, ನಾನು ಕೇಳಿರಲಿಲ್ಲ. ಓದುವುದರಲ್ಲಿ ಇಷ್ಟು ಸುಖವಿದೆ ಎಂದು ಮರೆತೇ ಹೋಗಿತ್ತು. ಬಸ್ಸಿನಲ್ಲಿ ಕೂತರೆ ಎದುರಿನ ಕಟ್ಟಡಗಳ ಕಿಟಕಿ ಎಣಿಸತೊಡಗುತ್ತೇನೆ. ನಿಲ್ದಾಣ ದಾಟಿಹೋಗುತ್ತದೆ.

ಪರೀಕ್ಷೆ ಎರಡು ಭಾಗ. ಒಂದು ಬರೆಯುವುದು. ಇನ್ನೊಂದರಲ್ಲಿ ನಾವು ಮಾಡಿದ ಒಂದು ಪೂರ್ತಿ ಅಂದಾಜನ್ನು ಮೂವರು ಪರೀಕ್ಷಕರ ಮುಂದೆ ಇಟ್ಟು, ಅವರು ಕೇಳಿದ್ದಕ್ಕೆ ಉತ್ತರ ಹೇಳುವುದು. ಮೇ ತಿಂಗಳಲ್ಲಿ.

ನಿಮ್ಮ ಸೊಸೆ


ಮಾರ್ಚ್ ೧೯

ಸೊಸೆಗೆ,

ಪಕ್ಕದ ಕುರ್ಚಿಯ ವಿಷಯ ಓದಿದೆ. ಅಕ್ಕನಿಗೂ ಓದಿ ಹೇಳಿದೆ. ಅವಳು ನಿಮ್ಮ ಆಫೀಸಿನ ಯಜಮಾನರಿಗೆ ಅಂದದ್ದನ್ನು ಬರೆದರೆ ಅಂಚೆಯವರು ಕಾಗದ ವಾಪಸು ಕಳಿಸುತ್ತಾರೆ.

ಯಂತ್ರ ಸರಿಸಬಹುದು. ಇಬ್ಬರು ಹಿಡಿಯಿರಿ. ಎಡಗಡೆಯ ಕಾಲು ಸಡಿಲ, ಎಳೆಯಬೇಡಿ, ಎತ್ತಿಡಿ. ಕಿಟಕಿಯ ಬೆಳಕು ಎಡಗೈ ಕಡೆಯಿಂದ ಬರುವ ಹಾಗೆ ಮೇಜು ಹಾಕಿಕೋ, ಇಲ್ಲದಿದ್ದರೆ ಬರೆದದ್ದರ ಮೇಲೆ ಕೈ ನೆರಳು ಬೀಳುತ್ತದೆ.

ಈಗ ನಿನ್ನಿಂದ ಒಂದು ತಿಳಿಯಬೇಕು. ಇದಕ್ಕೂ ನಿನ್ನ ಓದಿಗೂ ಸಂಬಂಧವಿಲ್ಲ, ಸುಮ್ಮನೆ ಕೇಳುತ್ತಿದ್ದೇನೆ. ಅಕ್ಕ ಈಗ ವಾಕರ್ ಅನ್ನುತ್ತಾರಲ್ಲ, ಆ ನಾಲ್ಕು ಕಾಲಿನ ಊರುಗೋಲು ಹಿಡಿದು ನಡೆಯುತ್ತಾಳೆ. ಬಚ್ಚಲನ್ನು ಅವಳಿಗೆ ತಕ್ಕ ಹಾಗೆ ಬದಲಾಯಿಸಬೇಕು. ಗಾರೆ ಕೆಲಸದವನು ಬಂದು ಬಾಗಿಲಲ್ಲಿ ನಿಂತು ಒಳಗೆ ಇಣುಕಿ, "ಎಲ್ಲಾ ಸೇರಿ ಇಷ್ಟಾಗುತ್ತೆ" ಎಂದು ಒಂದೇ ಅಂಕಿ ಹೇಳಿ ಹೋದ. ಒಳ್ಳೆಯವನೇ. ಆದರೆ "ಎಲ್ಲಾ" ಎಂದರೆ ಯಾವುದೆಲ್ಲಾ ಎಂದು ಕೇಳಿದರೆ, "ಎಲ್ಲಾ ಅಂದ್ರೆ ಎಲ್ಲಾ ಅಮ್ಮಾ" ಎನ್ನುತ್ತಾನೆ. ಅಕ್ಕ ಆಗಲೇ ಹೂಂ ಎನ್ನುವವಳಿದ್ದಳು. ನಾನು ತಡೆದಿದ್ದೇನೆ. ಏನು ಮಾಡಲಿ?

ನಿನ್ನ ಅತ್ತೆ


ಮಾರ್ಚ್ ೨೭

ಅತ್ತೆಯವರಿಗೆ,

ಮೇಜು ಬಂತು, ಬೆಳಕು ಎಡಗಡೆಯಿಂದಲೇ. ಯಂತ್ರ ಎತ್ತಿಟ್ಟೆವು.

ಬಚ್ಚಲಿನ ವಿಷಯಕ್ಕೆ ನನಗೆ ಕೆಲವು ಅಳತೆ ಬೇಕಾಗಬಹುದು. ಬಾಗಿಲಿನ ಅಗಲ, ಅದು ಒಳಕ್ಕೆ ತೆರೆಯುತ್ತದೋ ಹೊರಕ್ಕೋ. ಊರುಗೋಲಿನ ಅಗಲ. ನೆಲದ ಉದ್ದಗಲ. ಹೊಸ್ತಿಲು ಎಷ್ಟು ಎತ್ತರ. ನೀರು ಯಾವ ಕಡೆಗೆ ಹರಿಯುತ್ತದೆ (ಒಂದು ಚೊಂಬು ಸುರಿದು ನೋಡಿ). ಗೋಡೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೋ ಗಟ್ಟಿ ಸದ್ದೋ. ಹಿಡಿಕಂಬಿ ಕೂರಿಸಲು ಗಟ್ಟಿ ಗೋಡೆ ಬೇಕು. ಆಮೇಲೆ ಗಾರೆಯವರನ್ನು ಕೇಳಿ: ಒಡೆದ ಹಳೆಯ ಟೈಲುಗಳನ್ನು ಹೊರಗೆ ಸಾಗಿಸುವವರು ಯಾರು? ಕೆಲಸ ನಡೆಯುವಷ್ಟು ದಿನ ದೊಡ್ಡತ್ತೆ ಸ್ನಾನಕ್ಕೆ ಎಲ್ಲಿ ಹೋಗಬೇಕು?

ನಕ್ಷೆಯಲ್ಲಿ ಕಾಣುವುದನ್ನು ಯಾರು ಬೇಕಾದರೂ ಎಣಿಸುತ್ತಾರೆ, ಕಾಣದ್ದನ್ನು ಎಣಿಸಬೇಕು ಎಂದು ತಾತ ಹೇಳುತ್ತಿರುತ್ತಾರೆ.

ನಿಮಗೆ ತೊಂದರೆಯಾಗದಿದ್ದರೆ ಮಾತ್ರ.

ನಿಮ್ಮ ಸೊಸೆ


ಏಪ್ರಿಲ್ ೧೦

ಸೊಸೆಗೆ,

ತೊಂದರೆಯೇ? ಇಷ್ಟು ಮಜಾ ಬಂದು ವರ್ಷಗಳಾಗಿದ್ದವು.

ನನ್ನ ಹೊಲಿಗೆಯ ಟೇಪು ಹಿಡಿದು ಬಚ್ಚಲಿಗೆ ಇಳಿದೆ. ಅಕ್ಕ ಹೊರಗೆ ಕುರ್ಚಿ ಹಾಕಿಸಿಕೊಂಡು ಬರೆದುಕೊಳ್ಳಲು ಕೂತಳು. ನಾನು ಅಂಕಿ ಹೇಳಿದರೆ ಅವಳು ಎಕ್ಸ್‌ಚೇಂಜಿನ ಗಂಟಲಲ್ಲಿ ಅದನ್ನು ತಿರುಗಿ ಕೂಗುವುದು. ಮೇಲಿನ ಮನೆಯವರು ಇಳಿದು ಬಂದು ಯಾರಿಗೆ ಏನಾಯಿತು ಎಂದು ಕೇಳಿದರು. ಬಾಗಿಲು ಅಳೆದೆ, ಊರುಗೋಲು ಅಳೆದೆ, ಆ ಜೋರಿನಲ್ಲಿ ಅಕ್ಕನನ್ನೂ ಅಳೆದುಬಿಟ್ಟೆ. ಸೊಂಟದ ಅಳತೆ ಬರೆದುಕೊಳ್ಳಲು ಅವಳು ಒಪ್ಪಲಿಲ್ಲ.

ಆಗ ತಿಳಿಯಿತು ನೋಡು. ಬಾಗಿಲಿಗಿಂತ ಊರುಗೋಲೇ ಅಗಲ! ಆ ಬಚ್ಚಲನ್ನು ಅಮೃತಶಿಲೆಯಲ್ಲಿ ಕಟ್ಟಿಸಿದ್ದರೂ ಅವಳು ಹೊರಗೇ ನಿಂತಿರಬೇಕಿತ್ತು.

ಗಾರೆಯವನು ಬಂದಾಗ ನೀನು ಹೇಳಿದ್ದನ್ನೆಲ್ಲ ಕೇಳಿದೆ. ಮೊದಲು ತಲೆ ಕೆರೆದುಕೊಂಡ. ಆಮೇಲೆ ಅವನಿಗೂ ಹುರುಪು ಬಂತು. ನೆಲದ ಮೇಲೇ ಕೂತು ಒಂದೊಂದಾಗಿ ಬರೆದ. ಬಾಗಿಲು ಅಗಲ ಮಾಡುವುದು ಅವನ ಲೆಕ್ಕದಲ್ಲಿ ಇರಲಿಲ್ಲ, ಟೈಲು ಸಾಗಿಸುವುದು ಇತ್ತು. "ಹೀಗೆ ಬರ್ಕೊಂಡ್ರೆ ನಂಗೂ ಒಳ್ಳೇದೇ ಅಮ್ಮಾ. ಕೊನೇಲಿ ಜಗಳ ಇರಲ್ಲ," ಎಂದ. ಹೋಗುವಾಗ ಕೇಳಿದ, "ನಿಮ್ಮ ಸೊಸೆ ಇಂಜಿನಿಯರಾ?"

"ಎಸ್ಟಿಮೇಟರ್," ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಚೆನ್ನಾಗಿದೆ, ಕೋಟಿನ ಹೆಸರಿನ ಹಾಗಿದೆ.

ಮೊದಲು ಅಂದದ್ದನ್ನು ನೀನೇನೂ ಮನಸ್ಸಿಗೆ ಹಚ್ಚಿಕೊಂಡಿಲ್ಲವಷ್ಟೆ. ಚೆನ್ನಾಗಿ ಓದು.

ನಿನ್ನ ಅತ್ತೆ


ಮೇ ೨೮

ಅತ್ತೆಯವರಿಗೆ,

ಫಲಿತಾಂಶ ಬಂತು. ಬರೆಯುವ ಭಾಗದಲ್ಲಿ ಪಾಸು, ಒಳ್ಳೆಯ ಅಂಕ. ಎರಡನೆಯದರಲ್ಲಿ ಆಗಲಿಲ್ಲ.

ಇಲ್ಲಿ ಎಲ್ಲರೂ ಸೌಖ್ಯ.

ನಿಮ್ಮ ಸೊಸೆ


ಜೂನ್ ೩

ಸೊಸೆಗೆ,

ಕಾಗದ ನೋಡಿದ ಕೂಡಲೇ ಬರೆಯುತ್ತಿದ್ದೇನೆ, ಒಲೆಯ ಮೇಲೆ ಹಾಲಿದೆ.

ನಾನು ಮೊದಲು ಹೊಲಿದ ಕೋಟಿಗೆ ಎರಡೂ ಎಡತೋಳು. ಗಿರಾಕಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ ಒಂದು ಕೈ ಹಿಂದಕ್ಕೆ ನೋಡುತ್ತಿತ್ತು. ನನ್ನ ಗುರು ಬಯ್ಯಲಿಲ್ಲ. ಕತ್ತರಿ ಕೈಗೆ ಕೊಟ್ಟು, "ತೋಳೊಂದೇ ಬಿಚ್ಚು. ಇಡೀ ಕೋಟು ಬಿಚ್ಚಬೇಡ," ಎಂದರು.

ನಿನ್ನದೂ ಒಂದು ತೋಳು. ಮತ್ತೆ ಯಾವಾಗ? ಏನು ಕೇಳಿದರು? ನೀನು ಏನೆಂದೆ? ಎಲ್ಲ ಬಿಡಿಸಿ ಬರೆ. ಎರಡು ಸಾಲು ಬರೆದು ಸೌಖ್ಯ ಎಂದರೆ ನಂಬಲು ನಾನೇನು ಪುಟ್ಟಿಯೇ?

ಹಾಲು ಉಕ್ಕಿತು.

ಅತ್ತೆ


ಜೂನ್ ೨೨

ಅತ್ತೆಯವರಿಗೆ,

ನಿಮ್ಮ ಕಾಗದ ಓದಿ ಆಫೀಸಿನ ಮೆಟ್ಟಿಲ ಮೇಲೆ ಕೂತು ನಕ್ಕೆ. ಸ್ವಲ್ಪ ಅಳುವೂ ಬಂತು. ಬಿಡಿಸಿಯೇ ಬರೆಯುತ್ತೇನೆ.

ಮೂವರು ಕೂತಿದ್ದರು. ಮಧ್ಯದಲ್ಲಿ ನೆರೆಗೂದಲಿನ ಹೆಂಗಸು, ಅವರೇ ಮುಖ್ಯಸ್ಥೆ. ನನ್ನ ಅಂದಾಜು ಅವರ ಮುಂದಿತ್ತು. "ಈ ತಾರಸಿಗೆ ಇಷ್ಟು ಕಬ್ಬಿಣ ಯಾಕೆ ಹಾಕಿದ್ದೀರಿ?" ಎಂದರು. ನಾನು ಕಾರಣ ಹೇಳಿ, "ನಮ್ಮ ಹಿರಿಯರೂ ನೋಡಿದ್ದಾರೆ" ಎಂದೆ. "ಇಲ್ಲಿ ಸಾಮಾನು ಪೋಲಾಗುತ್ತೆ ಅಂತ ಹಾಕಿರೋ ಪಾಲು ಕಡಿಮೆ ಅಲ್ವಾ?" ಎಂದರು. "ನಮ್ಮಲ್ಲಿ ಹಾಗೇ ಹಾಕ್ತಾರೆ" ಎಂದೆ. "ಕೆಲಸ ಮುಗಿಯೋಕೆ ಎಷ್ಟು ಕಾಲ?" ಎಂದರು. "ಇಷ್ಟಾಗಬಹುದೇನೋ, ಯಜಮಾನರನ್ನ ಕೇಳ್ಬೇಕು" ಎಂದೆ.

ಆಗ ಅವರು ಕನ್ನಡಕ ತೆಗೆದು ಕೆಳಗಿಟ್ಟರು. "ನೋಡಮ್ಮ, ನಿನ್ನ ಅಂಕಿಗಳು ಬಹುಪಾಲು ಸರಿಯಾಗಿವೆ. ಆದರೆ ಹಿರಿಯರು ಇಲ್ಲಿಲ್ಲ, ಯಜಮಾನರೂ ಇಲ್ಲ. ಈ ಕುರ್ಚಿಲಿ ಕೂತಿರೋದು ಯಾರು?"

ನಾನು ಹಾಳೆಗಳನ್ನು ಜೋಡಿಸಿಕೊಂಡು ಎದ್ದು ಬಂದೆ.

ತಾತನಿಗೆ ಇದನ್ನು ಹೇಳಿದೆ. ಮಾರನೆಯ ದಿನ ಅವರು ಊಟದ ಡಬ್ಬಿ ತಂದು ನನ್ನ ಎದುರಿಗೆ ಕೂತು, ಗಂಭೀರವಾಗಿ, "ಈ ಗೋಡೆಗೆ ಇಷ್ಟು ಇಟ್ಟಿಗೆ ಯಾಕೆ?" ಎಂದರು. ಅಂದಿನಿಂದ ದಿನವೂ ಊಟದ ಹೊತ್ತಿಗೆ ಅವರೇ ಪರೀಕ್ಷಕರು. ನಾನು "ನಮ್ಮ ಹಿರಿಯರು" ಎಂದು ಬಾಯಿ ತೆರೆದರೆ ನನ್ನ ಡಬ್ಬಿಯಿಂದ ಒಂದು ತುತ್ತು ಅವರ ಪಾಲು. ಮೊದಲ ವಾರ ನಾನು ಅರೆಹೊಟ್ಟೆ. ನಿಮ್ಮ ಮಗ ಮಾಡಿದ ಅಡುಗೆಯಾದ್ದರಿಂದ ಶಿಕ್ಷೆ ಯಾರಿಗೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಸೆಪ್ಟೆಂಬರಿನಲ್ಲಿ ಎರಡನೆಯ ಭಾಗಕ್ಕೆ ಮಾತ್ರ ಮತ್ತೆ ಕೂರಬಹುದು. ಕೂರೋಣವೇನೋ ಅಂದುಕೊಂಡಿದ್ದೇನೆ.

ನಿಮ್ಮ ಸೊಸೆ


ಜುಲೈ ೫

ಸೊಸೆಗೆ,

ಅಕ್ಕನೂ ನಾನೂ ನಿನ್ನ ಹಳೆಯ ಕಾಗದಗಳನ್ನು ಹರಡಿಕೊಂಡು ಕೂತು, "ಇರಬಹುದು", "ಏನೋ", "ಅನ್ನಿಸುತ್ತದೆ", "ತೊಂದರೆಯಾಗದಿದ್ದರೆ" ಎಂದಿರುವಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಗೀಟು ಎಳೆದೆವು. ಹಾಳೆಗಳಿಗೆ ದಡಾರ ಎದ್ದ ಹಾಗಾಗಿದೆ. ಕೊನೆಯ ಸಾಲು ನೋಡು: "ಕೂರೋಣವೇನೋ ಅಂದುಕೊಂಡಿದ್ದೇನೆ." ಕೂರುತ್ತೀಯೋ ಇಲ್ಲವೋ?

ಇನ್ನು ಮುಂದೆ ನನಗೆ ಬರೆಯುವ ಕಾಗದದಲ್ಲಿ ಆ ಪದಗಳು ಇರಕೂಡದು. ಇದ್ದರೆ ನಾನು ಓದುವುದಿಲ್ಲ. ಓದುತ್ತೇನೆ, ಆದರೆ ಉತ್ತರ ಬರೆಯುವುದಿಲ್ಲ.

ಬಚ್ಚಲು ಮುಗಿಯಿತು! ಗಾರೆಯವನು ಹೇಳಿದ ದಿನಕ್ಕೇ ಮುಗಿಸಿದ, ಬರೆದದ್ದಕ್ಕಿಂತ ಹೆಚ್ಚು ಕೇಳಲಿಲ್ಲ. ಅಕ್ಕ ಊರುಗೋಲು ಹಿಡಿದು ಒಬ್ಬಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಿದ್ದ ದಿನದಿಂದ ಅವಳು ಒಬ್ಬಳೇ ಬಾಗಿಲು ಹಾಕಿಕೊಂಡದ್ದೇ ಇಲ್ಲ ನೋಡು. ನಾನು ಹೊರಗೆ ಟವೆಲು ಹಿಡಿದು ನಿಂತಿದ್ದೆ. ಮೊದಲು ನೀರಿನ ಸದ್ದು. ಆಮೇಲೆ ಹಾಡು. ಮೇಲಿನ ಮನೆಯವರು ಮತ್ತೆ ಇಳಿದು ಬಂದರು. ನೀರು ತಣ್ಣಗಾಗುವವರೆಗೆ ಹಾಡಿದಳು. ಬೆರಳೆಲ್ಲ ಸುಕ್ಕಾಗಿ, ಮುಖ ಕೆಂಪಾಗಿ ಹೊರಗೆ ಬಂದು, "ನಿನ್ನ ಸೊಸೆಗೆ ಬರೆ," ಎಂದಳು. ಏನು ಬರೆಯಲಿ ಎಂದರೆ, "ಬರೆ ಅಂದೆ," ಎಂದಳು. ಬರೆದಿದ್ದೇನೆ.

ನಾನಿಲ್ಲದೆಯೂ ನಿಮ್ಮ ಅಡುಗೆ, ಮನೆ ಎಲ್ಲ ಒಂದು ಹದಕ್ಕೆ ಬಂದಿದೆ ಎಂದು ಮಗ ಬರೆದಿದ್ದಾನೆ. ಸಂತೋಷ. ಇಲ್ಲಿ ನೆರೆಹೊರೆಯವರು ಬಟ್ಟೆ ಹೊಲಿಯಲು ತಂದು ಕೊಡುತ್ತಿದ್ದಾರೆ, ಹೊತ್ತು ಹೋಗುತ್ತದೆ.

ಅತ್ತೆ


ಅಕ್ಟೋಬರ್ ೯

ಅತ್ತೆಯವರಿಗೆ, ದೊಡ್ಡತ್ತೆಯವರಿಗೆ,

ಪಾಸಾದೆ!

ಪಾಸಾದೆ ಪಾಸಾದೆ ಪಾಸಾದೆ! ಈ ಸಾಲು ಪುಟ್ಟಿಯದು, ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಬರೆದಳು.

ಅದೇ ಕೋಣೆ, ಅದೇ ನೆರೆಗೂದಲಿನ ಹೆಂಗಸು. ಈ ಸಲ ಗೋದಾಮಿನ ಅಂದಾಜು. "ಅಡಿಪಾಯಕ್ಕೆ ಇಷ್ಟು ಆಳ ಬೇಕಾ?" ಎಂದರು. "ಬೇಕು. ಮಣ್ಣಿನ ವರದಿ ನೋಡಿದ್ದೀನಿ, ಸೈಟಿಗೂ ಹೋಗಿ ನೋಡಿದ್ದೀನಿ," ಎಂದೆ. "ಬೇರೆಯವರು ಇಷ್ಟು ಹಾಕಲ್ಲ." "ಅವರ ಲೆಕ್ಕ ನನಗೆ ಗೊತ್ತಿಲ್ಲ. ಇದು ನನ್ನದು." ಹೇಳಿದ ಮೇಲೆ ನನಗೇ ದಿಗಿಲಾಯಿತು. ಇಷ್ಟು ಜೋರಾಗಿ ಮಾತಾಡಿದ್ದು ನಾನೇನಾ ಎಂದು. ಒಂದು ಕಡೆ ಅವರು ತಪ್ಪು ಹಿಡಿದರು, ಬಣ್ಣದ ಲೆಕ್ಕದಲ್ಲಿ ಬಾಗಿಲಿನ ಜಾಗ ಕಳೆದಿರಲಿಲ್ಲ. "ತಪ್ಪು ನನ್ನದೇ, ಹೀಗೆ ತಿದ್ದಬೇಕು," ಎಂದು ಅಲ್ಲೇ ತಿದ್ದಿ ತೋರಿಸಿದೆ. ಅವರು ಪಕ್ಕದವರ ಮುಖ ನೋಡಿ ನಕ್ಕರು. ಆಗಲೇ ತಿಳಿಯಿತು ನನಗೆ.

ಆಫೀಸಿನಲ್ಲಿ ತಾತ ಎದ್ದು ನಿಂತು ಕೈ ಕುಲುಕಿದರು, ಕುಲುಕಿ ಬಿಡಲೇ ಇಲ್ಲ. ಯಜಮಾನರು ನನಗೆ ಹೇಳದೆಯೇ ನನ್ನ ಹೆಸರು, ಅದರ ಕೆಳಗೆ "ಪ್ರಮಾಣಿತ ಎಸ್ಟಿಮೇಟರ್" ಎಂದು ಕಾರ್ಡು ಅಚ್ಚು ಹಾಕಿಸಿದ್ದರು. ಸಂಬಳವನ್ನೂ ನಾನು ಕೇಳುವ ಮೊದಲೇ ಏರಿಸಿದರು. ನಿಮ್ಮ ಮಗ ಆ ಕಾರ್ಡನ್ನು ಬಸ್ಸಿನ ಗಾಜಿಗೆ ಅಂಟಿಸಿಕೊಂಡು ದಿನವೆಲ್ಲ ಓಡಿಸಿದ್ದಾರೆ. ಹತ್ತಿದವರಿಗೆಲ್ಲ ಟಿಕೆಟಿನ ಜೊತೆ ನನ್ನ ಕಥೆ.

ನಿಮ್ಮಿಬ್ಬರ ಕೆಂಪು ಪೆನ್ಸಿಲಿಗೆ ಏನು ಕೊಡಲಿ?

ನಿಮ್ಮ ಸೊಸೆ


ಅಕ್ಟೋಬರ್ ೧೬

ಎಸ್ಟಿಮೇಟರ್ ಅವರಿಗೆ,

ಅಕ್ಕ ನಿನ್ನ ಕಾಗದವನ್ನು ಕಿಟಕಿಯಲ್ಲಿ ನಿಂತು ಬೀದಿಗೇ ಓದಿದಳು. ಗಾರೆಯವನು ದಾರಿಯಲ್ಲಿ ಹೋಗುತ್ತಿದ್ದವನು ನಿಂತು ಚಪ್ಪಾಳೆ ತಟ್ಟಿದ. ತನಗೂ ಅಂಥ ಪರೀಕ್ಷೆ ಇದೆಯೇ ಎಂದು ಕೇಳಿದ್ದಾನೆ, ವಿಚಾರಿಸಿ ತಿಳಿಸು.

ಕಾಗದದಲ್ಲಿ ಒಂದೂ ಗೀಟು ಬೀಳಲಿಲ್ಲ. ಪೆನ್ಸಿಲು ಹಿಡಿದು ಹುಡುಕಿದೆವು.

ಕಾರ್ಡು ಒಂದು ನನಗೂ ಕಳಿಸು. ಅಕ್ಕನಿಗೆ ಬೇರೆ ಒಂದು, ಇಲ್ಲದಿದ್ದರೆ ನನ್ನದನ್ನು ಕದಿಯುತ್ತಾಳೆ.

ಅತ್ತೆ


ಡಿಸೆಂಬರ್ ೨

ಅತ್ತೆಯವರಿಗೆ,

ಈ ಕಾಗದ ತಡವಾದದ್ದಕ್ಕೆ ಕಾರಣವಿದೆ. ನನ್ನ ಸಹಿಯ ಮೊದಲ ಟೆಂಡರು ಹೋಯಿತು. ಗ್ರಂಥಾಲಯದ ಕಟ್ಟಡ. ಜಾಗ ಮೊದಲು ಕೊಳವಾಗಿತ್ತಂತೆ. ಅಡಿಪಾಯ ಅಗೆದಾಗ ಬರುವ ನೀರನ್ನು ಪಂಪು ಹಾಕಿ ತೆಗೆಯುವ ಬಾಬತ್ತನ್ನು ಪಟ್ಟಿಯಲ್ಲಿ ಸೇರಿಸಿದ್ದೆ. ಸಲ್ಲಿಸುವ ಹಿಂದಿನ ದಿನ ಯಜಮಾನರು ನನ್ನ ಮೇಜಿನ ಬಳಿ ಬಂದರು.

"ಪಂಪಿನ ಬಾಬತ್ತು ತೆಗೆದುಬಿಡಮ್ಮ. ಬೇಸಿಗೇಲಿ ಅಗೆದ್ರೆ ನೀರೆಲ್ಲಿ ಬರುತ್ತೆ?"

"ಬರುತ್ತೆ ಸಾರ್. ಪಕ್ಕದ ಗ್ಯಾರೇಜಿನ ಗುಂಡೀಲಿ ಬೇಸಿಗೇಲೂ ನೀರಿರುತ್ತಂತೆ, ಅಲ್ಲಿಯವರನ್ನ ಕೇಳ್ಕೊಂಡು ಬಂದೆ."

"ಬೇರೆಯವರು ಯಾರೂ ಹಾಕಲ್ಲ. ನಾವು ಹಾಕಿದ್ರೆ ಟೆಂಡರ್ ಕೈ ತಪ್ಪುತ್ತೆ."

"ಹಾಗಿದ್ರೆ ನಿಮ್ಮ ಲಾಭದಲ್ಲಿ ಕಡಿಮೆ ಮಾಡಿ ಸಾರ್, ಅದು ನಿಮ್ಮ ಇಷ್ಟ. ನೀರು ನಮ್ಮಿಬ್ಬರ ಇಷ್ಟ ಕೇಳಿ ಬರಲ್ಲ."

ಅವರ ಮುಖ ಕೆಂಪಾಯಿತು. ಮೂಲೆಯ ಕಡೆ ತಿರುಗಿ, "ನೀವಾದ್ರೂ ಹೇಳಿ," ಎಂದರು ತಾತನಿಗೆ. ತಾತ ತಲೆ ಎತ್ತದೆ, "ಸಹಿ ಅವಳದ್ದು," ಎಂದರು.

ಯಜಮಾನರು ಹೊರಗೆ ಹೋಗಿ ಬೀದಿಯಲ್ಲಿ ಎರಡು ಸುತ್ತು ಹಾಕಿ ಬಂದರು. ನಾನು ಪಂಪಿನ ಲೆಕ್ಕವನ್ನು ಇನ್ನೊಮ್ಮೆ ಕೂಡಿ ನೋಡಿದೆ. ಹೋದ ವರ್ಷದ ನಾನಾಗಿದ್ದರೆ ಅಷ್ಟು ಹೊತ್ತಿಗೆ ಆ ಸಾಲು ಹೊಡೆದುಹಾಕಿರುತ್ತಿದ್ದೆ. ಅವರು ಬಂದು, "ಹೇಗಿದೆಯೋ ಹಾಗೇ ಕಳಿಸು," ಎಂದರು. ಅಷ್ಟೇ ಹೇಳಿ ಒಳಗೆ ಹೋದರು.

ನಿನ್ನೆ ಫೋನು ಬಂತು. ಎತ್ತಿದ ಯಜಮಾನರು ರಿಸೀವರನ್ನು ನನ್ನ ಕಡೆ ಚಾಚಿ, "ನಿನ್ನನ್ನೇ ಕೇಳ್ತಿದ್ದಾರೆ," ಎಂದರು. ಗ್ರಂಥಾಲಯದ ಸಮಿತಿಯವರು. ನೀರಿನ ಬಗ್ಗೆ ಯೋಚಿಸಿದವರು ನಾವೊಬ್ಬರೇ ಅಂತೆ. ಬೇರೆಯವರನ್ನು ಕರೆದು ಕೇಳಿದಾಗ ಒಬ್ಬರೂ ಸರಿಯಾಗಿ ಉತ್ತರಿಸಲಿಲ್ಲವಂತೆ. ಕೆಲಸ ನಮಗೆ ಬಂದಿದೆ! ಯಜಮಾನರು ಇಡೀ ಆಫೀಸಿಗೆ ಕೇಕು ತರಿಸಿದರು. ಮೊದಲ ತುಂಡು ಪಂಪಿಗೆ ಎಂದು ತಾತ ಅಂದರು, ತಿಂದದ್ದೂ ಅವರೇ. ಪ್ರಮಾಣಪತ್ರ ಪಡೆದವರ ಪಟ್ಟಿಯಲ್ಲಿ ನನ್ನ ಹೆಸರು ನೋಡಿ ಬೇರೆ ಕಂಪನಿಯವರೂ ಕೆಲಸಕ್ಕೆ ಕರೆದಿದ್ದರು. ಅದು ತಿಳಿದ ದಿನದಿಂದ ಯಜಮಾನರು ದಿನಾ ಬೆಳಿಗ್ಗೆ ನನ್ನ ಕುರ್ಚಿ ಸರಿಯಾಗಿದೆಯೇ ಎಂದು ವಿಚಾರಿಸುತ್ತಾರೆ. ನಾನು ಎಲ್ಲಿಗೂ ಹೋಗುತ್ತಿಲ್ಲ. ಹೋಗಬಹುದಾಗಿತ್ತು ಎಂಬುದೇ ಬಹಳ ಹಿತವಾಗಿದೆ.

ಈಗ ಇನ್ನೊಂದು ಮಾತು. ಇದನ್ನು ಕೇಳಬೇಕೆಂದು ಎಷ್ಟೋ ಕಾಗದ ಬರೆದೆ, ಮೊದಲ ಕಾಗದದಲ್ಲಿ ಪುಟ್ಟಿಯ ಬಾಯಲ್ಲಿ ಕೇಳಿಸಿದ್ದಷ್ಟೇ. ಅಲ್ಲಿ ನೀವು ಸುಖವಾಗಿದ್ದೀರಿ, ನಾವು ಯಾಕೆ ಎಳೆಯಬೇಕು ಎಂದುಕೊಂಡು ಸುಮ್ಮನಿದ್ದೆ. ಇವತ್ತು ನಾನೇ ಬರೆಯುತ್ತಿದ್ದೇನೆ.

ನೀವು ವಾಪಸು ಬನ್ನಿ. ಅಡುಗೆಗಲ್ಲ, ಪುಟ್ಟಿಗಲ್ಲ. ನೀವಿಲ್ಲದ ಮನೆ ನನಗೆ ಇಷ್ಟವಿಲ್ಲ. ದೊಡ್ಡತ್ತೆಯವರನ್ನೂ ಕರೆದುಕೊಂಡು ಬನ್ನಿ.

ನಿಮ್ಮ ಸೊಸೆ


ಡಿಸೆಂಬರ್ ೧೦

ಸೊಸೆಗೆ,

ಬಾ ಎಂದು ಯಾರಾದರೂ ಕರೆಯಲಿ ಎಂದು ನಾನು ಕಾಯುತ್ತಿದ್ದೆ ಎಂದೇನೂ ತಿಳಿಯಬೇಡ. ನನಗೆ ಇಲ್ಲಿ ಕೈತುಂಬ ಕೆಲಸವಿತ್ತು.

ಅಕ್ಕ ಮೊದಲು ಒಪ್ಪಲಿಲ್ಲ. ಬಚ್ಚಲು ಬಿಟ್ಟು ಬರಲಾರೆ ಎಂದಳು. ಬಚ್ಚಲನ್ನು ಹೊತ್ತು ತರಲಾಗುವುದಿಲ್ಲ, ಅದನ್ನು ಮಾಡಿಸಿದವಳು ಅಲ್ಲಿದ್ದಾಳೆ ಎಂದೆ. ಪೆಟ್ಟಿಗೆ ಎಲ್ಲಿ ಎಂದಳು. ಆಗಿನಿಂದ ತುಂಬುತ್ತಲೇ ಇದ್ದಾಳೆ. ಕೀಲಿಕೈ ಮೇಲಿನ ಮನೆಯವರಿಗೆ ಕೊಟ್ಟಾಯಿತು. ಇಷ್ಟು ದಿನದ ಗಲಾಟೆ ಇಲ್ಲವಾದರೆ ಹೇಗೆಂದು ಅವರಿಗೆ ಆಗಲೇ ಬೇಸರ ಹಿಡಿದಿದೆ.

ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ನಿಲ್ದಾಣಕ್ಕೆ ಬರುವಾಗ ಮಗನೊಬ್ಬನೇ ಸಾಲದು, ನೀನೂ ಬಾ. ಗ್ರಂಥಾಲಯದ ಜಾಗವನ್ನು ನನಗೆ ಮೊದಲು ತೋರಿಸಬೇಕು, ಮನೆ ಆಮೇಲೆ.

ಅಕ್ಕ ಅಲ್ಲಿಂದ ಕೂಗಿ ಕೇಳುತ್ತಿದ್ದಾಳೆ: "ಎಷ್ಟು ದಿನಕ್ಕೆ ಬಟ್ಟೆ ಇಟ್ಕೊಳ್ಳಲಿ, ನಿನ್ನ ಸೊಸೆನ ಕೇಳು!"

ಅದೊಂದಕ್ಕೆ ಮಾತ್ರ ಅಂದಾಜು ಹಾಕಬೇಡ.

ನಿನ್ನ ಅತ್ತೆ